ಸೋಫಾ ಒಂದೂವರೆ ಅಡಿ ಮುಂದೆ ಬಂದ ಮೇಲೆ: 5.1 ಸ್ಪೀಕರ್ ಸೆಟ್‌ನೊಂದಿಗೆ ಮೂರು ವರ್ಷ

5.1 ಎಂದರೆ ಐದು ಸ್ಪೀಕರ್, ಜೊತೆಗೆ ತಗ್ಗು ಸ್ವರಕ್ಕೆಂದೇ ಒಂದು ಸಬ್‌ವೂಫರ್. ಮೊದಲ ಎರಡು ವರ್ಷ ಈ ಸ್ಪೀಕರ್‌ಗಳನ್ನು ಬೈದುಕೊಂಡೇ ಕೇಳಿದೆ. ಈಗ ಮೂರನೆಯ ವರ್ಷ ಮುಗಿಯುತ್ತಿದೆ, ಮಾರುವ ಯೋಚನೆ ಬಿಟ್ಟಿದ್ದೇನೆ. ಆದರೂ ತಯಾರಕರ ಮೇಲೆ ಒಂದು ಸಿಟ್ಟು ಉಳಿದಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಸರೌಂಡ್‌ಗೆಂದು, ಅಂದರೆ ಪಕ್ಕದಿಂದ ಮತ್ತು ಹಿಂದಿನಿಂದ ಸದ್ದು ಬರಲೆಂದು ಕೊಟ್ಟ ಎರಡು ಪುಟ್ಟ ಪೆಟ್ಟಿಗೆಗಳ ಬೆನ್ನಿಗೆ ಮೊಳೆಗೆ ಸಿಕ್ಕಿಸುವ ಸೀಳು ಮಾತ್ರ ಇದೆ. ತಿರುಗುವ ಬ್ರಾಕೆಟ್ ಹಾಕಲು ಸ್ಕ್ರೂ ಕೂರುವ ತೂತು ಇಲ್ಲ. ಕ್ಯಾಲೆಂಡರಿನಂತೆ ಗೋಡೆಗೆ ನೇತುಹಾಕಬಹುದು, ಒಂದಿಷ್ಟೂ ಓರೆ ಮಾಡುವಂತಿಲ್ಲ. ನಮ್ಮದು 10 ಅಡಿ ಅಗಲ, 12 ಅಡಿ ಉದ್ದದ ಮಹಡಿ ಕೋಣೆ. ಇಷ್ಟು ಚಿಕ್ಕ ಜಾಗದಲ್ಲಿ ಪೆಟ್ಟಿಗೆ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ.

ಜೋಡಿಸಲು ಬಂದವರು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದರು. ಹಿಂದಿನ ಎರಡು ಮೂಲೆ, ಸೂರಿನ ಹತ್ತಿರ, ಎರಡು ಮೊಳೆ. ಸೋಫಾ ಹಿಂಗೋಡೆಗೆ ಅಂಟಿಕೊಂಡಿತ್ತು. ಅಂದಿನಿಂದ ಮಳೆ, ಕುದುರೆ, ಜನಜಂಗುಳಿ ಎಲ್ಲವೂ ನೆತ್ತಿಯ ಮೇಲಿನಿಂದಲೇ ಕೇಳಿಸತೊಡಗಿದವು. ಒಂದು ವರ್ಷ ಸಹಿಸಿಕೊಂಡು, ಆಮೇಲೆ ನಾನೇ ಅವನ್ನು ಇಳಿಸಿ ಸೋಫಾದ ಎರಡು ಬದಿಯ ಗೋಡೆಗಳಿಗೆ ಕಿವಿಯ ಎತ್ತರದಲ್ಲಿ ಹಾಕಿದೆ. ಅದು ಇನ್ನೂ ಕೆಟ್ಟದಾಯಿತು. ಬಾಗಿಲ ಕಡೆಯ ತುದಿ ಅಮ್ಮನ ಜಾಗ. "ಎಲ್ಲರೂ ನನ್ನ ಕಿವಿಯಲ್ಲೇ ಬಂದು ಕೂಗುತ್ತಾರಲ್ಲೋ" ಎಂದು ಅವರು ಎರಡನೆಯ ವಾರವೇ ಎದ್ದು ಕೆಳಗೆ ಹೋದರು. ಅವರ ಮಾತಿನಲ್ಲಿ ಲೆಕ್ಕವೂ ಇತ್ತು. ಅಲ್ಲಿ ಕೂತವರಿಗೆ ಹತ್ತಿರದ ಪೆಟ್ಟಿಗೆ ಎರಡೂವರೆ ಅಡಿ, ಆಚೆಯದು ಏಳೂವರೆ ಅಡಿ. ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬಲ್ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತೂವರೆಯಷ್ಟು. ಇದು ಬಯಲಿನ ಲೆಕ್ಕ. ಕೋಣೆಯಲ್ಲಿ ಗೋಡೆಗೆ ಬಡಿದು ಮರಳುವ ಸದ್ದು ಸೇರಿ ವ್ಯತ್ಯಾಸ ಸ್ವಲ್ಪ ತಗ್ಗುತ್ತದೆ, ಆದರೆ ಅಮ್ಮ ಕೂರುವಷ್ಟು ತಗ್ಗಲಿಲ್ಲ. ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ರಿಸೀವರ್‌ನಲ್ಲಿ ಒಂದೊಂದರ ಸದ್ದು ಹೊಂದಿಸಿದರೆ ನಡುವೆ ಕೂರುವ ಒಬ್ಬರಿಗೆ ಸರಿಹೋಗುತ್ತದೆ, ತುದಿಯಲ್ಲಿ ಕೂರುವವರಿಗೆ ಅಲ್ಲ.

ಕೊನೆಗೆ ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕ ಮತ್ತು ಒಂದು ಉಂಡೆ ದಾರ ಹಿಡಿದು ಕುಳಿತೆ. ಸಿನಿಮಾ ಧ್ವನಿ ತಂತ್ರಜ್ಞಾನದ ಕಂಪನಿ ಡಾಲ್ಬಿಯವರ ನಕ್ಷೆ 5.1ರ ಸರೌಂಡ್ ಪೆಟ್ಟಿಗೆಗಳಿಗೆ ಹೇಳುವುದು, ಕೂತವರ ನೇರ ಮುಂದನ್ನು ಸೊನ್ನೆ ಎಂದು ಹಿಡಿದರೆ, 110ರಿಂದ 120 ಡಿಗ್ರಿ, ಅಂದರೆ ಪಕ್ಕಕ್ಕೆ, ಸ್ವಲ್ಪ ಹಿಂದೆ. ತಲೆ ಗೋಡೆಯಿಂದ ಒಂದೇ ಅಡಿ ದೂರದಲ್ಲಿದ್ದರೆ ಆ ಕೋನಕ್ಕೆ ಹಿಂದೆ ಜಾಗವೇ ಇರುವುದಿಲ್ಲ. ಸೋಫಾವನ್ನು ಒಂದೂವರೆ ಅಡಿ ಮುಂದಕ್ಕೆ ಎಳೆದೆವು. ಬಟ್ಟೆ ಒಣಗಿಸುವ ಸ್ಟ್ಯಾಂಡ್ ಬಾಲ್ಕನಿಗೆ ಹೋಯಿತು. ಹೆಂಡತಿಗೆ ಅದು ಇಷ್ಟವಿರಲಿಲ್ಲ, ಆದರೂ ಒಪ್ಪಿದಳು. ಆಗ ಹಿಂದಿನ ಮೂಲೆಗಳೇ ಸುಮಾರು 117 ಡಿಗ್ರಿಗೆ ಬಂದವು! ಎರಡು ವರ್ಷ ಮೂಲೆಯನ್ನು ದೂರಿದ್ದೆ. ತಪ್ಪಿದ್ದದ್ದು ಎತ್ತರ ಮತ್ತು ಸೋಫಾ.

ಬಡಗಿ 700 ರೂಪಾಯಿಗೆ ಎರಡು ತ್ರಿಕೋನ ಹಲಗೆ ಕೂರಿಸಿಕೊಟ್ಟರು, ನೆಲದಿಂದ ಐದೂವರೆ ಅಡಿ ಎತ್ತರಕ್ಕೆ, ಅಂದರೆ ಕೂತವರ ಕಿವಿಗಿಂತ ಎರಡಡಿ ಮೇಲೆ. ಹಲಗೆಯ ಮೇಲಿಟ್ಟ ಪೆಟ್ಟಿಗೆಯನ್ನು ಬೇಕಾದ ಹಾಗೆ ತಿರುಗಿಸಬಹುದು. ಎಡಗಡೆಯದು ಬಲತುದಿಯವರನ್ನು ನೋಡುತ್ತದೆ, ಬಲಗಡೆಯದು ಎಡತುದಿಯವರನ್ನು. ಹೀಗೆ ಅಡ್ಡಹಾಯಿಸಿದರೆ ಹತ್ತಿರ ಕೂತವರಿಗೆ ಪೆಟ್ಟಿಗೆಯ ಓರೆ ಸದ್ದು, ದೂರ ಕೂತವರಿಗೆ ನೇರ ಸದ್ದು ಸಿಗುತ್ತದೆ. ಅಮ್ಮ ಈಗ ಸಿನಿಮಾ ಮುಗಿಯುವವರೆಗೂ ಕೂರುತ್ತಾರೆ. ಮೂಲೆಯಲ್ಲಿಟ್ಟರೆ ತಗ್ಗು ಸ್ವರ ಗುಂಯ್ಗುಡುತ್ತದೆ ಎಂಬ ಹೆದರಿಕೆ ಇತ್ತು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರ್‌ಗೆ ಕಳುಹಿಸಿದ ಮೇಲೆ ಅದೂ ಇಲ್ಲ.

ಶನಿವಾರ ಊಟವಾದ ಮೇಲೆ ನಮ್ಮ ಸಿನಿಮಾ. ಬೆಳಿಗ್ಗೆ ಕಸ ಗುಡಿಸಲು ಸೋಫಾ ಹಿಂದಕ್ಕೆ ಹೋಗಿರುತ್ತದೆ. ನೆಲಕ್ಕೆ ಅಂಟಿಸಿದ ಹಸಿರು ಟೇಪಿನ ಗುರುತಿಗೆ ಮಗಳು ಒಂದು ಕಾಲು, ನಾನು ಒಂದು ಕಾಲು ತಂದು ನಿಲ್ಲಿಸುತ್ತೇವೆ. ನವಲಗುಂದದ ಜಮಖಾನವನ್ನು ಮುಂದೆ ಹಾಸುತ್ತೇವೆ. ಹತ್ತಿಯದು, ತೆಳು, ಆದರೂ ಬರಿಯ ಟೈಲ್ಸ್ ನೆಲದ ಕಿಣಿಕಿಣಿ ತಗ್ಗುತ್ತದೆ. ಕೊನೆಯದಾಗಿ ಫ್ಯಾನ್ ನಿಲ್ಲಿಸುತ್ತೇವೆ, ಏಪ್ರಿಲ್‌ನಲ್ಲೂ. ಹಿಂದಿನಿಂದ ಬರುವ ಸಣ್ಣ ಸದ್ದುಗಳು, ಎಲೆ ಅಲುಗುವುದು, ಪಕ್ಕದ ಕೋಣೆಯಲ್ಲಿ ಯಾರೋ ಲೋಟ ಇಡುವುದು, ಫ್ಯಾನಿನ ಗಾಳಿಯಲ್ಲಿ ಪೂರ್ತಿ ಮುಳುಗಿಹೋಗುತ್ತವೆ. ಈಗ ಸರೌಂಡ್ ಪೆಟ್ಟಿಗೆಗಳು ಎಲ್ಲಿವೆ ಎಂದು ಕಿವಿಗೆ ಗೊತ್ತಾಗುವುದೇ ಇಲ್ಲ, ಕೋಣೆಯೇ ಅಗಲವಾದಂತೆ ಅನಿಸುತ್ತದೆ. ನನಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ.

ಕೊಳ್ಳುವವರು ಅಂಗಡಿಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿ ಬೆನ್ನು ನೋಡಿ. ಸ್ಕ್ರೂ ತೂತು ಇಲ್ಲದಿದ್ದರೆ ಹಲಗೆಗೂ ಬಡಗಿಗೂ ಹಣ ಎತ್ತಿಡಿ. ಬೇರೆ ಸೆಟ್ ಕೊಳ್ಳಲು ನಾನು ಕೂಡಿಟ್ಟಿದ್ದ ಹಣದಲ್ಲಿ ಕಿಟಕಿಗೆ ದಪ್ಪ ಪರದೆ ಹೊಲಿಯಲು ಕೊಟ್ಟಿದ್ದೇನೆ.