ಲ್ಯಾಮಿಂಗ್ಟನ್ ರಸ್ತೆಯಲ್ಲಿ ‘ಜೀವಮಾನದ ಲೈಸೆನ್ಸ್’ ಕೊಳ್ಳುವ ಮೊದಲು ಇದನ್ನು ಓದಿ

6,500 ರೂಪಾಯಿ ಕೊಟ್ಟಿದ್ದೇನೆ. ಯಾರಿಗೆ ಬೇಕಾದರೂ ಉಚಿತವಾಗಿ ಸಿಗುವ ತಂತ್ರಾಂಶಕ್ಕೆ 6,500 ರೂಪಾಯಿ! ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಮುಂಬಯಿಯಲ್ಲಿ ನನ್ನಂತೆಯೇ ಹೋಟೆಲುಗಳ ನೆಟ್‌ವರ್ಕ್ ಕೆಲಸ ಮಾಡುವ ಕನ್ನಡಿಗರು ಬಹಳ ಜನರಿದ್ದಾರೆ, ಮತ್ತು ನನಗೆ ಅದನ್ನು ಮಾರಿದ ಅಂಗಡಿಯಾತ ಬಲೆ ಬೀಸುವುದೇ ಕನ್ನಡದಲ್ಲಿ.

ನಾನು ಹದಿನೈದು ವರ್ಷ ಕೇಬಲ್ ಎಳೆದವನು, ಸಿಸಿಟಿವಿ ಹಾಕಿದವನು. ನೆಟ್‌ವರ್ಕ್ ಸ್ವಿಚ್ಚು, ಸರ್ವರುಗಳ ಒಳಗಿನ ಕೆಲಸಕ್ಕೆ ಕೈ ಹಾಕಿದ್ದು ಎರಡು ವರ್ಷಗಳಿಂದ ಈಚೆಗೆ. ಲ್ಯಾಪ್‌ಟಾಪನ್ನು ನೇರವಾಗಿ ಸ್ವಿಚ್ಚಿಗೆ ಜೋಡಿಸುವ ಕನ್ಸೋಲ್ ಕೇಬಲ್ ಕೊಳ್ಳಲು ಗ್ರಾಂಟ್ ರೋಡ್ ನಿಲ್ದಾಣದಲ್ಲಿ ಇಳಿದು, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿದ್ದೆ. ಫೋನಿನಲ್ಲಿ ನಾನು ಕನ್ನಡ ಮಾತನಾಡುವುದನ್ನು ಕೇಳಿ ಅಂಗಡಿಯಾತ ಒಳಗೆ ಕರೆದು ಕೂರಿಸಿದ, ಚಹಾ ತರಿಸಿದ. ಸ್ವಿಚ್ಚಿನ ಒಳಹೊಕ್ಕು ಆದೇಶ ಕೊಡಲು ಪುಟ್ಟಿ (PuTTY) ಎಂಬ ತಂತ್ರಾಂಶ ಬಳಸುತ್ತೇನೆ ಎಂದೆ. “ಅಣ್ಣಾ, ಪುಟ್ಟಿ ಮನೆ ಬಳಕೆಗೆ ಮಾತ್ರ ಉಚಿತ. ಹೋಟೆಲ್ ಕೆಲಸಕ್ಕೆ ಬಳಸಿದರೆ ನಿಮಗೂ ಹೋಟೆಲಿನವರಿಗೂ ನೋಟಿಸ್ ಬರುತ್ತದೆ. ನೀವು ನಮ್ಮ ಕಡೆಯವರು ಎಂದು ಹೇಳುತ್ತಿದ್ದೇನೆ” ಎಂದ. ನಂಬಿದೆ. ಗಿರಾಕಿಗೆ ನೋಟಿಸ್ ಬರುತ್ತದೆ ಎಂದರೆ ನಮ್ಮಂಥವರ ಎದೆ ಒಡೆಯುತ್ತದೆ, ಅದು ಅವನಿಗೆ ಚೆನ್ನಾಗಿ ಗೊತ್ತು.

ಪುಟ್ಟಿಯ ಬದಲು ಇದನ್ನು ಬಳಸಿ, ಜೀವಮಾನದ ಲೈಸೆನ್ಸ್ ಎಂದು ಇನ್ನೊಂದು ತಂತ್ರಾಂಶವನ್ನು ಪೆನ್ ಡ್ರೈವಿನಲ್ಲಿ ಕೊಟ್ಟ. ಬೇರೆ ಹೆಸರು, ನೀಲಿ ಬಣ್ಣದ ಚಂದದ ತೆರೆ, ಹದಿನಾರು ಅಂಕಿಗಳ ಸೀರಿಯಲ್ ನಂಬರ್. ಪಕ್ಕಾ ಬಿಲ್ ಕೇಳಿದರೆ ಜಿಎಸ್‌ಟಿ ಸೇರಿಸಬೇಕಾಗುತ್ತದೆ ಎಂದು ಕಚ್ಚಾ ಚೀಟಿ ಬರೆದ. ಇನ್ನೊಂದು ಮಾತನ್ನೂ ಹೇಳಿದ: “ಹಾಕುವಾಗ ಆಂಟಿವೈರಸ್ ಬಂದ್ ಮಾಡಿ, ಅದು ಸುಮ್ಮನೆ ಕಿರಿಕಿರಿ ಮಾಡುತ್ತದೆ.” ಅಲ್ಲಿಯೇ ಎದ್ದು ಬರಬೇಕಿತ್ತು. ಬರಲಿಲ್ಲ.

ಎಂಟು ತಿಂಗಳು ಅದರಲ್ಲೇ ಕೆಲಸ ಮಾಡಿದೆ.

ಹೋದ ವಾರ ಮಾಟುಂಗಾದ ಹೋಟೆಲಿನಲ್ಲಿ ಹಳೆಯ ಸಿಸ್ಕೋ ಸ್ವಿಚ್ ಕೈ ಕೊಟ್ಟಿತ್ತು. ಕನ್ಸೋಲ್ ಕೇಬಲ್ ಚುಚ್ಚಿ, ಆ ತಂತ್ರಾಂಶದಲ್ಲಿ ಸಂಪರ್ಕದ ಬಗೆ ಸೀರಿಯಲ್ ಎಂದು ಆಯ್ದು, ವೇಗ 9600 ಕೊಟ್ಟು ಕೂತಿದ್ದೆ. ಮಾಲೀಕರ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ಅಂಕಲ್, ಇದು ಪುಟ್ಟಿಯಲ್ಲವೇ?” ಎಂದಳು. ಅಲ್ಲಮ್ಮ, ಇದು ದುಡ್ಡು ಕೊಟ್ಟು ತಂದದ್ದು, ಕಂಪನಿಯದು ಎಂದೆ. ಅವಳು ಮೌಸ್ ತೆಗೆದುಕೊಂಡು ಕಿಟಕಿಯ ಮೇಲಂಚಿನಲ್ಲಿ ಬಲಗುಂಡಿ ಒತ್ತಿದಳು, ಪಟ್ಟಿಯ ಕೊನೆಯಲ್ಲಿದ್ದ ‘ಅಬೌಟ್’ ತೆರೆದಳು. ಮೇಲೆ ಅಂಗಡಿಯಾತ ಇಟ್ಟ ಹೆಸರು. ಕೆಳಗೆ ಆವೃತ್ತಿಯ ಸಂಖ್ಯೆ, 0.70. ಅದರ ಕೆಳಗೆ ಹಕ್ಕುಸ್ವಾಮ್ಯ: ಸೈಮನ್ ಟ್ಯಾಥಮ್, 1997ರಿಂದ 2017. ಪುಟ್ಟಿಯನ್ನು ಬರೆದವರು ಅವರೇ. ಲೈಸೆನ್ಸ್ ಗುಂಡಿ ಒತ್ತಿದಳು. ಬಳಸಲು, ನಕಲು ಮಾಡಲು, ಬದಲಿಸಲು, ಹಂಚಲು ಯಾರಿಗೇ ಆದರೂ ಶುಲ್ಕವಿಲ್ಲದೆ ಅನುಮತಿ ಎಂದಿತ್ತು. ಮನೆ ಬಳಕೆ, ಹೋಟೆಲ್ ಬಳಕೆ ಎಂಬ ಭೇದವೇ ಅದರಲ್ಲಿಲ್ಲ. ಆ ಹುಡುಗಿ ಒಂದು ಮಾತೂ ಆಡಲಿಲ್ಲ. ಕೌಂಟರಿನಲ್ಲಿದ್ದ ಅವಳ ತಂದೆ ನನ್ನನ್ನೇ ನೋಡುತ್ತಿದ್ದರು. ಎಂಟು ವರ್ಷಗಳಿಂದ ನನ್ನ ಮೇಲೆ ನಂಬಿಕೆಯಿಟ್ಟ ಮನುಷ್ಯ.

ಅಂಗಡಿಗೆ ಫೋನ್ ಮಾಡಿದೆ. ಮೊದಲು, “ಅಣ್ಣಾ, ನೀವು ಯಾವ ಗಿರಾಕಿ?” ಆಮೇಲೆ, “ಕೆಲಸ ಮಾಡುತ್ತಿದೆಯಲ್ಲ, ಇನ್ನೇನು ತೊಂದರೆ?” ನಾನು ಬಿಡದಿದ್ದಾಗ, “ಆ ಲೈಸೆನ್ಸಿನಲ್ಲಿ ಮಾರಬಹುದು ಎಂದೂ ಬರೆದಿದೆ, ಸರಿಯಾಗಿ ಓದಿಕೊಳ್ಳಿ.” ಹೌದು, ಬರೆದಿದೆ. ಮಾರುವುದು ತಪ್ಪಲ್ಲ. ಆದರೆ ಮನೆ ಬಳಕೆಗೆ ಮಾತ್ರ ಉಚಿತ ಎಂದು ಸುಳ್ಳು ಹೇಳಲು, ನೋಟಿಸಿನ ಭಯ ಹುಟ್ಟಿಸಲು, ಸೀರಿಯಲ್ ನಂಬರಿನ ನಾಟಕವಾಡಲು ಯಾವ ಲೈಸೆನ್ಸ್ ಅನುಮತಿ ಕೊಟ್ಟಿದೆ? ಕೇಳಿದೆ. ಅಷ್ಟು ಹೊತ್ತು ಕನ್ನಡದಲ್ಲಿದ್ದವನು ಹಿಂದಿಗೆ ತಿರುಗಿ, ಅಂಗಡಿಯಲ್ಲಿ ಜನ ಇದ್ದಾರೆ ಎಂದು ಫೋನ್ ಇಟ್ಟ. ಈಗ ನನ್ನ ಕರೆ ಎತ್ತುವುದಿಲ್ಲ.

ಹಣ ಹೋಗಲಿ. ನನ್ನ ನಿದ್ದೆ ಕೆಡಿಸಿರುವುದು ಬೇರೆ. ಪುಟ್ಟಿಯ ಮೂಲ ಕೋಡ್ ಬಹಿರಂಗ, ಯಾರಾದರೂ ಹೆಸರು ಬದಲಿಸಿ ಮತ್ತೆ ಕಟ್ಟಬಹುದು, ಜೊತೆಗೆ ಏನನ್ನಾದರೂ ಸೇರಿಸಲೂಬಹುದು. ಅಸಲಿ ಕಡತದ ಪ್ರಾಪರ್ಟಿಯಲ್ಲಿ ಅದನ್ನು ಬೇರೆ ಯಾರೂ ತಿದ್ದಿಲ್ಲ ಎಂದು ತೋರಿಸುವ, ಸೈಮನ್ ಟ್ಯಾಥಮ್ ಹೆಸರಿನ ಡಿಜಿಟಲ್ ಸಹಿ ಇರುತ್ತದೆ. ನನ್ನದರಲ್ಲಿ ಯಾವ ಸಹಿಯೂ ಇಲ್ಲ. ಅದೇ ಕಿಟಕಿಯಲ್ಲಿ ನಾನು ಹನ್ನೊಂದು ಹೋಟೆಲುಗಳ ಪಾಸ್‌ವರ್ಡ್ ಹೊಡೆದಿದ್ದೇನೆ.

ಅಷ್ಟೇ ಅಲ್ಲ. “ಅಂಕಿ ದೊಡ್ಡದಾದಷ್ಟೂ ಭದ್ರ” ಎಂದು ಅಂಗಡಿಯಾತ ನನ್ನಿಂದ 521 ಬಿಟ್‌ಗಳ ಇಸಿಡಿಎಸ್ಎ ಕೀಲಿ ಮಾಡಿಸಿದ್ದ. ಕೀಲಿ ಎಂದರೆ ಸರ್ವರಿಗೆ ಲಾಗಿನ್ ಆಗಲು ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಕಡತ. ಪುಟ್ಟಿಯ 0.68ರಿಂದ 0.80ರವರೆಗಿನ ಆವೃತ್ತಿಗಳಲ್ಲಿ ದೋಷವಿದ್ದದ್ದು ಸರಿಯಾಗಿ ಅದೇ ಬಗೆಯ ಕೀಲಿಯಲ್ಲಿ. ನಾವು ಲಾಗಿನ್ ಆಗುವ ಒಂದು ಸರ್ವರ್ ಕೆಟ್ಟವರ ಕೈಗೆ ಸಿಕ್ಕರೂ ಸಾಕು, ಪ್ರತಿ ಲಾಗಿನ್ನಿಗೂ ಆ ಕೀಲಿ ಹಾಕುವ ಸಹಿಗಳು ಸುಮಾರು 60 ಸೇರಿದರೆ ನಮ್ಮ ಖಾಸಗಿ ಕೀಲಿಯನ್ನೇ ಲೆಕ್ಕ ಹಾಕಿ ತೆಗೆಯಬಹುದು. 2024ರ ಏಪ್ರಿಲ್‌ನಲ್ಲಿ 0.81 ಬಂದು ಅದು ಸರಿಹೋಯಿತು. ನನಗೆ ಮಾರಿದ್ದು 0.70, ಅಂದರೆ 2017ರದ್ದು. ಮತ್ತು ತಂತ್ರಾಂಶ ಹೊಸದಾದರೂ ಹಳೆಯ ಕೀಲಿ ಭದ್ರವಾಗುವುದಿಲ್ಲ, ಅದನ್ನು ಎಸೆಯಲೇಬೇಕು.

ಪುಟ್ಟಿಗೆ ಯಾರಿಗೂ ಒಂದು ಪೈಸೆ ಕೊಡಬೇಡಿ. ಸೈಮನ್ ಟ್ಯಾಥಮ್ ಅವರ ಸ್ವಂತ ಪುಟದಿಂದಲೇ ಇಳಿಸಿಕೊಳ್ಳಿ; ಪುಟ್ಟಿ ಡಾಟ್ ಆರ್ಗ್ ಎಂಬ ತಾಣ ಅವರದಲ್ಲ. ದೂರದ ಸರ್ವರಿಗೆ ಭದ್ರವಾಗಿ ಲಾಗಿನ್ ಆಗುವ ಎಸ್ಎಸ್ಎಚ್ ಒಂದೇ ಸಾಕೆಂದರೆ ಈಗಿನ ವಿಂಡೋಸ್ 10, 11ರಲ್ಲೇ ಅದು ಇದೆ. ಆಂಟಿವೈರಸ್ ಬಂದ್ ಮಾಡಿ ಎಂದವನ ಅಂಗಡಿಯಲ್ಲಿ ಕೇಬಲ್ ಕೂಡ ಕೊಳ್ಳಬೇಡಿ.

ಒಂಬತ್ತು ಹೋಟೆಲುಗಳ ಪಾಸ್‌ವರ್ಡ್ ಬದಲಿಸಿ ಹಳೆಯ ಕೀಲಿ ಅಳಿಸಿದ್ದೇನೆ. ಪ್ರತಿಯೊಂದು ಕಡೆಯೂ ಮಾಲೀಕರಿಗೆ ಕಾರಣ ಹೇಳಬೇಕಾಯಿತು. ಚೆಂಬೂರಿನದು, ಡೊಂಬಿವಲಿಯದು ಬಾಕಿ ಇವೆ, ನಾಳೆ ಬೆಳಗಿನ ಲೋಕಲ್ಲಿಗೆ ಹೊರಡುತ್ತೇನೆ.