‘ಎಥಿಕಲ್’ ಫಂಡ್: ಬಡ್ಡಿ ಬೇಡವೆನ್ನುವ ಕರಾವಳಿಯವರಿಗೆ ಇದು ಎಷ್ಟು ಸಾಕು?

ಮಂಗಳೂರು, ಉಡುಪಿ ಎಂದರೆ ಬ್ಯಾಂಕುಗಳ ತವರು. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು 5,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕಾಗಿ ಬೆಳೆದು, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜಾತಿ ಮತ ನೋಡದೆ ಎಲ್ಲರಿಗೂ ಉಳಿತಾಯದ ಅಭ್ಯಾಸ ಹಿಡಿಸಬೇಕೆಂಬುದು ಅದರ ಮೊದಲ ಉದ್ದೇಶವಾಗಿತ್ತು. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪಿಗ್ಮಿ, ದಿನಕ್ಕೆ ಎರಡಾಣೆ ಉಳಿಸುವವರ ಮನೆಬಾಗಿಲಿಗೂ ಬ್ಯಾಂಕನ್ನು ತಂದಿತು. ಇಂಥ ಊರಲ್ಲಿ ಬಡ್ಡಿ ಮುಟ್ಟುವುದಿಲ್ಲ ಎಂದು ಗಟ್ಟಿಯಾಗಿ ನಿಂತ ಬಂದರಿನ ಮಂಡಿ ವರ್ತಕರಿಗಾಗಲಿ, ಗಲ್ಫಿನಿಂದ ಹಣ ಬರುವ ಉಳ್ಳಾಲದ ಮನೆಗಾಗಲಿ ಉಳಿಯುವ ದಾರಿ ಮೂರೇ: ಚಾಲ್ತಿ ಖಾತೆ, ಚಿನ್ನ, ಜಾಗ. ನಾಲ್ಕನೆಯದಾಗಿ ಶರೀಅತ್ ನಿಯಮಕ್ಕೆ ಒಗ್ಗುವ ಮ್ಯೂಚುವಲ್ ಫಂಡ್‌ಗಳಿವೆ. ಇಲ್ಲಿ ನೋಡುತ್ತಿರುವುದು ಅವನ್ನೇ.

ಮುಖ್ಯವಾಗಿ ಮೂರು ಫಂಡ್‌ಗಳು ಸಿಗುತ್ತವೆ. ಟಾಟಾ ಎಥಿಕಲ್ ಫಂಡ್ ಮತ್ತು 2009ರಲ್ಲಿ ಬಂದ ಟಾರಸ್ ಎಥಿಕಲ್ ಫಂಡ್‌ಗಳಲ್ಲಿ ಯಾವ ಷೇರು ಕೊಳ್ಳಬೇಕೆಂದು ಮ್ಯಾನೇಜರ್ ಆರಿಸುತ್ತಾರೆ. ಮೂರನೆಯದು ನಿಪ್ಪಾನ್ ಇಂಡಿಯಾದ ಶರೀಅ ಬೀಸ್ ಇಟಿಎಫ್, ಅಂದರೆ ಷೇರುಪೇಟೆಯಲ್ಲೇ ಷೇರಿನಂತೆ ಕೊಂಡು ಮಾರುವ ಫಂಡ್. ಇದು ನಿಫ್ಟಿ 50 ಶರೀಅ ಸೂಚ್ಯಂಕವನ್ನು ಹಾಗೆಯೇ ಹಿಂಬಾಲಿಸುತ್ತದೆ. ಕೊಳ್ಳಲು ಡಿಮ್ಯಾಟ್ ಖಾತೆ ಬೇಕು.

ಫಂಡ್ ಯಾಕೆ, ಇಸ್ಲಾಮಿಕ್ ಬ್ಯಾಂಕೇ ಇರಬಾರದೇ ಎಂದು ಕೇಳುವವರಿದ್ದಾರೆ. ಬಡ್ಡಿಯಿಲ್ಲದ ಬ್ಯಾಂಕು ಸರಕನ್ನು ತಾನೇ ಕೊಂಡು ಲಾಭವಿಟ್ಟು ನಿಮಗೆ ಮಾರಬೇಕು, ಇಲ್ಲವೇ ನಿಮ್ಮ ವ್ಯಾಪಾರದಲ್ಲಿ ಪಾಲುದಾರನಾಗಿ ಲಾಭದಂತೆ ನಷ್ಟವನ್ನೂ ಹೊರಬೇಕು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 8ನೇ ಸೆಕ್ಷನ್ ಬ್ಯಾಂಕು ಸರಕಿನ ವ್ಯಾಪಾರ ಮಾಡುವುದನ್ನೇ ತಡೆಯುತ್ತದೆ. 2008ರಲ್ಲಿ ರಘುರಾಂ ರಾಜನ್ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕೊಡಿ ಎಂದಿತ್ತು. ಆದರೆ ಈ ಪ್ರಸ್ತಾವ ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಷೇರಿನಲ್ಲಿ ಈ ತೊಡಕಿಲ್ಲ. ಷೇರು ಎಂದರೆ ಪಾಲುದಾರಿಕೆ, ಲಾಭ ನಷ್ಟ ಎರಡೂ ನಿಮ್ಮದು. “ಅಲ್ಲಾಹನು ವ್ಯಾಪಾರವನ್ನು ಧರ್ಮಸಮ್ಮತಗೊಳಿಸಿದ್ದಾನೆ, ಬಡ್ಡಿಯನ್ನು ನಿಷೇಧಿಸಿದ್ದಾನೆ” ಎನ್ನುವ ಅಲ್‌ಬಖರ ಅಧ್ಯಾಯದ 275ನೇ ವಚನ ಹಾಕುವ ಗೆರೆಯೂ ಇಲ್ಲಿಯೇ: ನಷ್ಟದ ಭಾರ ಹೊರದವನಿಗೆ ಲಾಭದ ಹಕ್ಕಿಲ್ಲ.

ಈ ಫಂಡ್‌ಗಳ ಜೀವ ಇರುವುದು ಜರಡಿಯಲ್ಲಿ. ಮೊದಲ ಜರಡಿ ವ್ಯವಹಾರದ್ದು. ಬ್ಯಾಂಕು, ವಿಮೆ, ಮದ್ಯ, ತಂಬಾಕು, ಹಂದಿಮಾಂಸ, ಜೂಜು ಹೊರಗೆ. ಹೀಗಾಗಿ ಎಚ್‌ಡಿಎಫ್‌ಸಿ ಬ್ಯಾಂಕ್, ಎಸ್‌ಬಿಐ, ಐಟಿಸಿ ಇಲ್ಲಿ ಕಾಣುವುದಿಲ್ಲ. ಎರಡನೆಯದು ಲೆಕ್ಕದ ಜರಡಿ. ನಿಫ್ಟಿ ಶರೀಅ ಸೂಚ್ಯಂಕಗಳಿಗೆ ಮುಂಬೈನ ಟಾಸಿಸ್ ಸಂಸ್ಥೆ ಹಾಕಿಕೊಟ್ಟ ಅಳತೆ ಹೀಗಿದೆ: ಬಡ್ಡಿ ಸಾಲ ಒಟ್ಟು ಆಸ್ತಿಯ 25% ದಾಟಬಾರದು, ಬಡ್ಡಿ ಆದಾಯ ಒಟ್ಟು ಆದಾಯದ 3% ದಾಟಬಾರದು, ನಗದು ಮತ್ತು ಬರಬೇಕಾದ ಬಾಕಿ ಸೇರಿ ಆಸ್ತಿಯ 90% ದಾಟಬಾರದು. ಕೊನೆಯದರ ಹಿಂದಿನ ತರ್ಕ ಗಮನಿಸುವಂಥದ್ದು. ಕಂಪೆನಿಯಲ್ಲಿ ಬರೀ ದುಡ್ಡೇ ಇದ್ದರೆ ಅದರ ಷೇರು ಕೊಳ್ಳುವುದೆಂದರೆ ಹಣಕ್ಕೆ ಹಣವನ್ನು ಏರಿದ ಬೆಲೆಗೆ ಕೊಂಡಂತೆ, ಅಂದರೆ ರಿಬಾದ (ಬಡ್ಡಿಯ) ಹೊಸ್ತಿಲಿಗೆ ಬಂದಂತೆ.

ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು. ಕಂಪೆನಿಯ ವಾರ್ಷಿಕ ವರದಿಯಲ್ಲಿ ಬ್ಯಾಲೆನ್ಸ್ ಶೀಟ್ ತೆರೆಯಿರಿ. ಒಟ್ಟು ಆಸ್ತಿ 8,000 ಕೋಟಿ, ದೀರ್ಘಾವಧಿ ಸಾಲ 1,200, ಅಲ್ಪಾವಧಿ ಸಾಲ 500 ಕೋಟಿ ಎಂದಿಟ್ಟುಕೊಳ್ಳಿ. 1,700ನ್ನು 8,000ದಿಂದ ಭಾಗಿಸಿದರೆ 21.25%, ಪಾಸು. ನಂತರ ಲಾಭ ನಷ್ಟ ಪಟ್ಟಿಯಲ್ಲಿ ‘ಇತರ ಆದಾಯ’ದ ಟಿಪ್ಪಣಿಗೆ ಹೋಗಿ. ಠೇವಣಿ ಬಡ್ಡಿ 90 ಕೋಟಿ, ಒಟ್ಟು ಆದಾಯ 4,500 ಕೋಟಿಯಾದರೆ 2%, ಇದೂ ಪಾಸು. ನಗದು ಮತ್ತು ಬಾಕಿ ಸೇರಿ 2,600 ಕೋಟಿಯಿದ್ದರೆ 32.5%, ತೊಂದರೆಯೇ ಇಲ್ಲ. ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ: ಅಲ್ಪಾವಧಿ ಸಾಲವನ್ನು ಸೇರಿಸಲು ಮರೆಯುತ್ತಾರೆ, ಅಥವಾ ಬಡ್ಡಿಯನ್ನು ಒಟ್ಟು ಆದಾಯದ ಬದಲು ಲಾಭಕ್ಕೆ ಹೋಲಿಸುತ್ತಾರೆ. ಇಸ್ಲಾಮಿಕ್ ಹಣಕಾಸಿಗೆ ನಿಯಮ ರೂಪಿಸುವ ಬಹ್ರೇನ್‌ನ ಅಯೋಫಿ ಸಂಸ್ಥೆಯ ಮಾನದಂಡದಲ್ಲಿ ಸಾಲದ ಮಿತಿ ಕಂಪೆನಿಯ ಷೇರುಗಳ ಒಟ್ಟು ಮಾರುಕಟ್ಟೆ ಮೌಲ್ಯದ 30%. ಷೇರುಪೇಟೆ ಏರಿದಾಗ ಈ ಅಳತೆ ತಾನಾಗಿ ಸಡಿಲವಾಗುತ್ತದೆ. ಒಟ್ಟು ಆಸ್ತಿಯನ್ನು ಹಿಡಿಯುವ ಟಾಸಿಸ್ ಕ್ರಮ ಪೇಟೆಯ ಏರಿಳಿತಕ್ಕೆ ಅಲ್ಲಾಡುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಅದೇ ಹೆಚ್ಚು ನಂಬಿಕೆಗೆ ಅರ್ಹ. ಒಂದು ಪೈಸೆ ಬಡ್ಡಿಯಿದ್ದರೂ ಬೇಡ ಎನ್ನುವ ವಿದ್ವಾಂಸರಿದ್ದಾರೆ. ಅವರ ಮಾತನ್ನು ಅನುಸರಿಸುವವರಿಗೆ ಈ ಮೂರೂ ಫಂಡ್ ಆಗಿಬರುವುದಿಲ್ಲ.

ಇನ್ನು ಕೊರತೆಗಳು. ನಿಫ್ಟಿ 50ರಲ್ಲಿ ಹಣಕಾಸು ವಲಯದ್ದೇ ಮೂರರಲ್ಲೊಂದು ಭಾಗದಷ್ಟು ತೂಕ. ಅದನ್ನು ಪೂರ್ತಿ ತೆಗೆದರೆ ಉಳಿದ ಹಣ ಐಟಿ, ಔಷಧ, ದಿನಬಳಕೆ ಸಾಮಾನು, ವಾಹನ ಕಂಪೆನಿಗಳಲ್ಲಿ ಒತ್ತೊತ್ತಾಗಿ ಕೂರುತ್ತದೆ. ಬ್ಯಾಂಕ್ ಷೇರು ಏರಿದ ವರ್ಷ ಈ ಫಂಡ್ ಹಿಂದೆ ಬೀಳುವುದು ಮ್ಯಾನೇಜರರ ತಪ್ಪಲ್ಲ, ರಚನೆಯೇ ಹಾಗೆ. ಐಟಿ ಕುಸಿದಾಗ ಪೆಟ್ಟು ಜೋರು, ಅದರಲ್ಲೂ ಇಟಿಎಫ್‌ಗೆ. ಇಟಿಎಫ್‌ನಲ್ಲಿ ದಿನದ ವಹಿವಾಟೂ ಕಡಿಮೆ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ಬೀಳುತ್ತದೆ. ಹಾಗಾಗಿ ಸಿಕ್ಕ ಬೆಲೆಗೆ ಕೊಳ್ಳುವ ‘ಮಾರ್ಕೆಟ್ ಆರ್ಡರ್’ ಹಾಕಬೇಡಿ; ಆ ಹೊತ್ತಿನ ಐಎನ್‌ಎವಿ (ಯೂನಿಟ್ಟಿನ ಆ ಕ್ಷಣದ ಅಂದಾಜು ಮೌಲ್ಯ) ನೋಡಿ, ಅದರ ಹತ್ತಿರದ ಬೆಲೆಗೆ ‘ಲಿಮಿಟ್’ ಹಾಕಿ.

ಹೂಡಿಕೆಯಾಗದೆ ಉಳಿದ ಹಣದ್ದೂ ಒಂದು ತೊಡಕು. ಬೇರೆ ಫಂಡ್‌ಗಳು ಅದನ್ನು ಟ್ರೆಪ್ಸ್ ಎಂಬ ಅಲ್ಪಾವಧಿ ಸಾಲದ ಪೇಟೆಯಲ್ಲಿಟ್ಟು ಬಡ್ಡಿ ಗಳಿಸುತ್ತವೆ, ಶರೀಅತ್ ಫಂಡ್ ಹಾಗೆ ಮಾಡುವಂತಿಲ್ಲ. ಫ್ಯೂಚರ್ಸ್, ಆಪ್ಷನ್ಸ್ ಬಳಸಿ ನಷ್ಟಕ್ಕೆ ತಡೆಯೊಡ್ಡುವ ದಾರಿಯೂ ಮುಚ್ಚಿದೆ, ಅದರಲ್ಲಿ ಗರರ್ (ಅತಿಯಾದ ಅನಿಶ್ಚಿತತೆ) ಇದೆ.

ಶುದ್ಧೀಕರಣ ಮತ್ತು ಝಕಾತ್ ಬೇರೆ ಬೇರೆ, ಇವೆರಡನ್ನು ಬೆರೆಸುವವರು ಬಹಳ. ಶುದ್ಧೀಕರಣವೆಂದರೆ ಲಾಭಾಂಶದಲ್ಲಿ ನುಸುಳಿದ ಬಡ್ಡಿಯ ಪಾಲನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟು ಕಳಚಿಕೊಳ್ಳುವುದು. 4,000 ರೂಪಾಯಿ ಲಾಭಾಂಶ ಬಂದು ಬಡ್ಡಿಯ ಪಾಲು 1.2% ಇದ್ದರೆ ತೆಗೆದಿಡಬೇಕಾದದ್ದು 48 ರೂಪಾಯಿ. ಗ್ರೋತ್ ಆಯ್ಕೆಯಲ್ಲಿ ಲಾಭಾಂಶ ಎನ್‌ಎವಿಯೊಳಗೇ (ಯೂನಿಟ್ಟಿನ ಮೌಲ್ಯದೊಳಗೇ) ಕರಗಿಹೋಗುವುದರಿಂದ ಈ ಲೆಕ್ಕ ಕಣ್ಣಿಗೆ ಬೀಳುವುದಿಲ್ಲ, ಮರೆತೇ ಹೋಗುತ್ತದೆ. ಪ್ರತಿ ಹೂಡಿಕೆದಾರನ ಸ್ಟೇಟ್‌ಮೆಂಟಿನಲ್ಲೇ ಈ ಮೊತ್ತ ಅಚ್ಚಾಗಿ ಬರಬೇಕು. ಝಕಾತ್ ಸಂಪತ್ತಿನ ಮೇಲಿನ ಕಡ್ಡಾಯ ದಾನ: ಸಂಪತ್ತು ನಿಸಾಬ್ (ಝಕಾತ್‌ಗೆ ನಿಗದಿಯಾದ ಕನಿಷ್ಠ ಮಿತಿ) ದಾಟಿ ಒಂದು ಚಾಂದ್ರಮಾನ ವರ್ಷ ತುಂಬಿದರೆ 2.5%. ಮಾರುವ ಉದ್ದೇಶದ ಯೂನಿಟ್‌ಗಳಿಗೆ ಆ ದಿನದ ಪೂರ್ತಿ ಮೌಲ್ಯದ ಮೇಲೆ ಲೆಕ್ಕ, ಅಂದರೆ 2 ಲಕ್ಷಕ್ಕೆ 5,000. ದೀರ್ಘಕಾಲ ಇಟ್ಟುಕೊಳ್ಳುವ ಹೂಡಿಕೆಯ ವಿಚಾರದಲ್ಲಿ ಅಭಿಪ್ರಾಯಗಳು ಬೇರೆ ಬೇರೆ. ಕರಾವಳಿಯ ಬ್ಯಾರಿಗಳಲ್ಲಿ ಹೆಚ್ಚಿನವರು ಶಾಫಿಈಗಳು, ಆದ್ದರಿಂದ ಆ ಮದ್‌ಹಬ್ (ಧರ್ಮಶಾಸ್ತ್ರದ ಪಂಥ) ಬಲ್ಲ ಉಸ್ತಾದರಲ್ಲೇ ಕೇಳಿ.

ಇಷ್ಟು ಒಪ್ಪಿಕೊಂಡ ಮೇಲೂ ಒಂದು ದೊಡ್ಡ ಆಕ್ಷೇಪವಿದೆ. ಜರಡಿ ಹರಾಮನ್ನು ತಡೆಯುತ್ತದೆ, ಅನ್ಯಾಯವನ್ನು ತಡೆಯುವುದಿಲ್ಲ. ಫಲ್ಗುಣಿ ನದಿಗೆ ಕೊಳಚೆ ಬಿಡುವ ಕಾರ್ಖಾನೆಯೊಂದು ಇದ್ದರೆ, ಗುತ್ತಿಗೆ ಕಾರ್ಮಿಕರ ಸಂಬಳ ತಿಂಗಳುಗಟ್ಟಲೆ ತಡೆಯುವ ಕಂಪೆನಿಯಿದ್ದರೆ, ಸಾಲ 25% ಒಳಗಿರುವವರೆಗೆ ಅದೂ ಪಾಸೇ. ಕೆಲಸಗಾರನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂದ ಪ್ರವಾದಿಯವರ (ಸ) ಮಾತಿಗೆ ಈ ಸೂತ್ರದಲ್ಲಿ ಒಂದು ಅಂಕವೂ ಇಲ್ಲ. ಬಂಡವಾಳಶಾಹಿಯ ಬಗ್ಗೆ ಇಸ್ಲಾಮಿನ ತಕರಾರು ಬಡ್ಡಿಗೇ ಮುಗಿಯುವುದಿಲ್ಲ. ಸಂಪತ್ತು ಸಿರಿವಂತರ ನಡುವೆಯೇ ಸುತ್ತಬಾರದು ಎನ್ನುತ್ತದೆ ಅಲ್‌ಹಶ್ರ್ ಅಧ್ಯಾಯದ 7ನೇ ವಚನ. ‘ಎಥಿಕಲ್’ ಎಂಬ ಹೆಸರನ್ನು ಹೊತ್ತ ಮೇಲೆ ಆ ಹೆಸರಿನ ಭಾರವನ್ನೂ ಹೊರಬೇಕು.

ಹೆಸರಿನ ಮಾತು ಬಂದಾಗ 2014 ನೆನಪಾಗುತ್ತದೆ. ಎಸ್‌ಬಿಐ ಮ್ಯೂಚುವಲ್ ಫಂಡ್ ಆ ಡಿಸೆಂಬರಿನಲ್ಲಿ ಶರೀಅ ಈಕ್ವಿಟಿ ಫಂಡ್ ತರಬೇಕಿತ್ತು, ಕೊನೇ ಗಳಿಗೆಯಲ್ಲಿ ಮುಂದೂಡಲಾಯಿತು. ಸರ್ಕಾರಿ ಬ್ಯಾಂಕಿನ ಬಳಗಕ್ಕೆ ಧರ್ಮದ ಹೆಸರು ಯಾಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಜಾತ್ಯತೀತತೆಯೆಂದರೆ ಎಲ್ಲರಿಗೂ ಒಂದೇ ನಿಯಮ, ಒಂದೇ ಲೆಕ್ಕಪತ್ರ, ಒಂದೇ ತೆರಿಗೆ. ನಂಬಿಕೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ ಎನ್ನುವುದು ಅದರ ಅರ್ಥವಲ್ಲ. ಈ ಫಂಡ್‌ಗಳ ಮೇಲೆ ಷೇರುಪೇಟೆ ನಿಯಂತ್ರಕ ಸೆಬಿಯ ಕಣ್ಣು ಬೇರೆ ಫಂಡ್‌ಗಳ ಮೇಲಿದ್ದಷ್ಟೇ ಇದೆ, ಯಾವ ಧರ್ಮದವರೂ ಕೊಳ್ಳಬಹುದು, ತೆರಿಗೆ ಹಣ ಇದಕ್ಕೆ ಹೋಗುವುದಿಲ್ಲ. ಪ್ರವಾದಿಯವರು (ಸ) ತಮ್ಮ ಕವಚವನ್ನು ಯಹೂದಿಯೊಬ್ಬರಲ್ಲಿ ಅಡವಿಟ್ಟು ಮನೆಗೆ ಬಾರ್ಲಿ ತಂದಿದ್ದರು. ವ್ಯವಹಾರದಲ್ಲಿ ಇಸ್ಲಾಂ ನೋಡುವುದು ಕರಾರಿನ ನ್ಯಾಯವನ್ನು, ಎದುರಿಗಿರುವವರ ಧರ್ಮವನ್ನಲ್ಲ. ಹಾಗಾಗಿ ಶರೀಅತ್ ಎಂಬ ಪದವನ್ನು ಮರೆಮಾಚುವುದಕ್ಕಿಂತ ನೇರವಾಗಿ ಬರೆದು, ಜರಡಿಯ ಲೆಕ್ಕವನ್ನು ಎಲ್ಲರ ಮುಂದಿಡುವುದೇ ಲೇಸು.

ಧರ್ಮದ ಹೆಸರಿದ್ದ ಮಾತ್ರಕ್ಕೆ ನಂಬಿದರೆ ಏನಾಗುತ್ತದೆ ಎನ್ನುವುದನ್ನು 2019ರ ಜೂನ್‌ನಲ್ಲಿ ‘ಹಲಾಲ್’ ಹೂಡಿಕೆಯೆಂದು ಹಣ ಸಂಗ್ರಹಿಸಿದ್ದ ಬೆಂಗಳೂರಿನ ಐಎಂಎ ಕಂಪೆನಿ ಕುಸಿದಾಗ ರಾಜ್ಯವೇ ನೋಡಿದೆ. ತಿಂಗಳಿಗೆ ಇಷ್ಟು ಲಾಭ ಖಚಿತ ಎಂದವರಿಂದ ದೂರವಿರಿ. ಹಾಗೆ ಖಚಿತಪಡಿಸಿದ ಲಾಭ ಹಲಾಲ್ ಆಗುವುದೇ ಇಲ್ಲ, ಹೆಸರು ಬದಲಿಸಿದ ಬಡ್ಡಿಯದು.

ಮೊದಲೆರಡು ಫಂಡ್‌ಗಳನ್ನು ಕೊಳ್ಳುವುದು ಸುಲಭ. ಪ್ಯಾನ್, ಆಧಾರ್, ಕೆವೈಸಿ, ಬ್ಯಾಂಕ್ ಖಾತೆಯಿಂದ ಎಸ್‌ಐಪಿ (ಕಂತಿನ ಹೂಡಿಕೆ) ಮ್ಯಾಂಡೇಟ್. ಫಂಡ್ ಕಂಪೆನಿಯ ವೆಬ್‌ಸೈಟಿನಲ್ಲೇ ಡೈರೆಕ್ಟ್ ಪ್ಲಾನ್ ತೆಗೆದುಕೊಂಡರೆ ಏಜೆಂಟ್ ಕಮಿಷನ್ ಉಳಿಯುತ್ತದೆ. ಮಾರುವ ದಿನದ ಎನ್‌ಎವಿ ಸಿಗಬೇಕಾದರೆ ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಹೋಗಿರಬೇಕು. ವರ್ಷ ತುಂಬುವ ಮೊದಲು ಮಾರಿದರೆ ಲಾಭಕ್ಕೆ 20% ತೆರಿಗೆ. ನಂತರವಾದರೆ ವರ್ಷಕ್ಕೆ 1.25 ಲಕ್ಷದವರೆಗೆ ಇಲ್ಲ, ಅದಕ್ಕೆ ಮೇಲ್ಪಟ್ಟದ್ದಕ್ಕೆ 12.5%.

ಐದು ವರ್ಷ ಮುಟ್ಟದ ಹಣವನ್ನು ಮಾತ್ರ ಹಾಕಿ. ಮಗಳ ಮದುವೆ, ಆಸ್ಪತ್ರೆ ಖರ್ಚು, ಬರುವ ವರ್ಷದ ಹಜ್‌ಗೆ ಕೂಡಿಟ್ಟ ಹಣಕ್ಕೆ ಇದು ಜಾಗವಲ್ಲ. ಹಜ್ ಉಳಿತಾಯಕ್ಕೆಂದೇ ಮಲೇಷ್ಯಾದಲ್ಲಿ 1963ರಿಂದಲೂ ತಾಬೂಂಗ್ ಹಾಜಿ ಇದೆ. ಅಂಥದ್ದು ಇಲ್ಲಿ ಬರುವವರೆಗೆ ಆ ದುಡ್ಡು ಚಾಲ್ತಿ ಖಾತೆಯಲ್ಲೋ ಚಿನ್ನದಲ್ಲೋ ಇರಲಿ.