ಒಂದೇ ಸಿ.ಐ.ಡಿ. 999, ಮೂರು ಪೋಸ್ಟರ್

ಹಾಲ್‌ನ ಗೋಡೆಗೆ ‘ಜೇಡರ ಬಲೆ’ ಪೋಸ್ಟರ್ ಬೇಕು ಅಂತ ಹಟ ಹಿಡಿದವನು ನಾನೇ. 1968ರ ಸಿನಿಮಾ. ದೊರೈ–ಭಗವಾನ್ ಜೋಡಿ ರಾಜಕುಮಾರ್ ಅವರ ಕೈಗೆ ಪಿಸ್ತೂಲು ಕೊಟ್ಟು ಸಿ.ಐ.ಡಿ. 999 ಮಾಡಿದ್ದು ಅದರಲ್ಲೇ. ಸಿನಿಮಾ ಕಪ್ಪು ಬಿಳುಪು, ಪೋಸ್ಟರ್ ಮಾತ್ರ ಜಾತ್ರೆಯ ಹಾಗೆ ಬಣ್ಣಬಣ್ಣ. ಒಂದೂವರೆ ವರ್ಷದಲ್ಲಿ ಮೂರು ಥರ ತಂದು ನೋಡಿದೆ: ಹಳೇ ಕಾಗದದ್ದು, ಕಂಪ್ಯೂಟರ್ ಪ್ರಿಂಟು, ಕೈಯಲ್ಲಿ ಬರೆಸಿದ್ದು.

ನಮ್ಮ ಮನೆ ಚಿಕ್ಕಮಗಳೂರಿಂದ ಆಲ್ದೂರು ಕಡೆ. ಮಳೆಗಾಲದಲ್ಲಿ ಮಂಚದಡಿ ಇಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಇಲ್ಲಿ ಅರ್ಧ ತೀರ್ಪು ಮಳೆಯದ್ದೇ.

ಪ್ರಿಂಟಿನ ಕತೆ ಬೇಗ ಮುಗಿಸುತ್ತೇನೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಫೋಟೋ ಕೊಟ್ಟೆ, ಪೇಟೆಯ ಅಂಗಡಿಯೊಂದರಲ್ಲಿ ಅರ್ಧ ಗಂಟೆಯಲ್ಲಿ ಕೈಗೆ ಬಂತು. ಫ್ರೇಮ್ ಸೇರಿ 900 ರೂಪಾಯಿ. ದೂರದಿಂದ ಚೆನ್ನಾಗೇ ಇತ್ತು. ಹತ್ತಿರ ಹೋದರೆ ಅಣ್ಣಾವ್ರ ಮುಖ ಸೋಪು ಹಚ್ಚಿದ ಹಾಗೆ ನುಣ್ಣಗೆ. ಮೂಲ ಪೋಸ್ಟರ್ ಮಡಚಿದ ಗೆರೆಯೂ ಫೋಟೋದಲ್ಲಿ ಬಂದು ಅಚ್ಚಾಗಿತ್ತು. ಬೆರಳಾಡಿಸಿದರೆ ಏನೂ ತಾಗುವುದಿಲ್ಲ. ಸುಮ್ನೆ ಬಿಳಿ ಬಣ್ಣದ ಗೆರೆ. ಆಮೇಲೆ ನನಗೆ ಮುಖ ಕಾಣಿಸಲೇ ಇಲ್ಲ, ಆ ಗೆರೆ ಮಾತ್ರ ಕಾಣಿಸಿತು. ಹಾಸನದ ಭಾವನಿಗೆ ಇಷ್ಟವಾಯಿತು, ಕೊಟ್ಟುಬಿಟ್ಟೆ.

ಹಳೇ ಕಾಗದದ್ದು ಬೆಂಗಳೂರಿನ ಹಳೇ ಸಾಮಾನಿನ ವ್ಯಾಪಾರಿಯೊಬ್ಬರಿಂದ ಬಂತು. 30x40 ಇಂಚು, 8,500 ರೂಪಾಯಿ. ಮನೆಯವಳಿಗೆ ಹೇಳಿದ ಬೆಲೆ ಬೇರೆ. ಎಂಟಾಗಿ ಮಡಚಿಟ್ಟಿದ್ದ ಕಾಗದ, ಮಡಿಕೆ ಸೇರುವ ಕಡೆ ತೂತು, ಮೂಲೆಗಳಲ್ಲಿ ಮೊಳೆಯ ಗುರುತು. ಆದರೆ ಭೂತಗನ್ನಡಿ ಹಿಡಿದು ನೋಡಬೇಕು! ಪ್ರಿಂಟಿನಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕಿಗಳ ರಾಶಿ. ಇಲ್ಲಿ ಶೀರ್ಷಿಕೆಯಲ್ಲಿ ಚುಕ್ಕಿಯೇ ಇಲ್ಲ, ಶಾಯಿ ಒಂದೇ ಸಮ ಕೂತಿದೆ. ಒಂದು ಬಣ್ಣ ಇನ್ನೊಂದರಿಂದ ಕೂದಲೆಳೆಯಷ್ಟು ಸರಿದಿದೆ. ಪ್ರತಿ ಬಣ್ಣಕ್ಕೂ ಬೇರೆ ಬೇರೆ ಸಲ ಅಚ್ಚು ಒತ್ತುತ್ತಿದ್ದರಲ್ಲ, ಕಾಗದ ಚೂರು ಜರುಗಿದರೂ ಹೀಗಾಗುತ್ತದೆ. ಆ ತಪ್ಪನ್ನೇ ಅದೆಷ್ಟು ಹೊತ್ತು ನೋಡಿದೆನೋ.

ಆಮೇಲೆ ದಡ್ಡತನ ಮಾಡಿದೆ. ಗಾಜಿಗೆ ಅಂಟಿಕೊಳ್ಳುವ ಹಾಗೆ ಫ್ರೇಮ್ ಹಾಕಿಸಿದೆ. ಆಗಸ್ಟಿಗೆ ಗಾಜಿನ ಒಳಗೆ ಬೆವರು, ಕೆಳಗಿನ ಅಂಚಿನಲ್ಲಿ ಕಾಫಿ ಚೆಲ್ಲಿದಂಥ ಕಂದು ಚುಕ್ಕಿ. ಬಿಚ್ಚುವಾಗ ಎರಡು ಬೆರಳಗಲ ಬಣ್ಣ ಗಾಜಿಗೇ ಅಂಟಿ ಬಂತು. ಕಾಗದಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಅಂಚು ಇರಬೇಕು, ಅದೂ ಆಮ್ಲವಿಲ್ಲದ ರಟ್ಟು. ಈ ಪಾಠಕ್ಕೆ ಆ ಎರಡು ಬೆರಳಗಲ ಫೀಸು. ಈಗ ಅದು ಬೀರುವಿನಲ್ಲಿ ಮಲಗಿದೆ.

ಮೂರನೆಯದನ್ನು ಬರೆದವರು ಚಿಕ್ಕಮಗಳೂರಿನ ಪೇಂಟರ್. ಒಂದು ಕಾಲಕ್ಕೆ ಥಿಯೇಟರ್ ಬ್ಯಾನರ್ ಬರೆಯುತ್ತಿದ್ದವರು, ಈಗ ಎಸ್ಟೇಟ್ ಬೋರ್ಡು, ಲಾರಿ ಹಿಂದಿನ ಅಕ್ಷರ. ತಗಡಿಗೆ ಬಿಳಿ ಬಳಿದು, ಪೆನ್ಸಿಲ್ಲಿನಲ್ಲಿ ಚೌಕ ಎಳೆದು, ಒಂದೊಂದೇ ಚೌಕ ತುಂಬಿದರು. “ಅಣ್ಣಾವ್ರಿಗೆ ಮೂಗು ಬಂದ್ರೆ ಮುಗೀತು ಸಾರ್, ಉಳಿದಿದ್ದೆಲ್ಲ ತಾನಾಗೇ ಬರುತ್ತೆ” ಅಂದರು. ಮೂಗು ಬಂತು. ಕಣ್ಣು ಮಾತ್ರ ಸ್ವಲ್ಪ ಅವರ ಸೋದರಮಾವನದು ಅನ್ನಿಸುತ್ತದೆ. ಕೋಟಿಗೆ ಕಡು ನೀಲಿ ಹೊಡೆದಿದ್ದರು. ಯಾಕೆ ಅಂದರೆ, ಯಾವುದೋ ಬೋರ್ಡಿಗೆ ತಂದ ಎನಾಮಲ್ ಡಬ್ಬಿಯಲ್ಲಿ ಮಿಕ್ಕಿತ್ತಂತೆ!

ಆದರೆ ಅಕ್ಷರ! ‘ಜೇ’ಯ ದೀರ್ಘವನ್ನು ಒಂದೇ ಉಸಿರಿಗೆ ಎಳೆದಿದ್ದಾರೆ, ಕುಂಚ ಎತ್ತಿದ ಜಾಗದಲ್ಲಿ ಬಣ್ಣ ಸಣ್ಣಗೆ ಉಬ್ಬಿದೆ. ಅಕ್ಷರದ ಮಟ್ಟಿಗೆ ಇದು ಮೂಲಕ್ಕಿಂತ ಒಂದು ಕೈ ಮೇಲೆ, ಯಾರು ಏನೇ ಅಂದರೂ. ಮೂರು ವಾರ ಹಿಡಿಯಿತು, 4,500 ರೂಪಾಯಿ ಆಯಿತು. ಒಂದು ಪೂರ್ತಿ ಮಳೆಗಾಲ ಗೋಡೆ ಮೇಲಿತ್ತು. ಬೂಷ್ಟು ಬಂತು, ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಹೋಯಿತು.

ಸಂಗ್ರಹದ ಹುಚ್ಚಿರುವವರು ಹಳೇ ಕಾಗದವನ್ನೇ ತಗೊಳ್ಳಿ, ಒಣ ಹವೆಯ ಊರಲ್ಲಿದ್ದರೆ ಇನ್ನೂ ಒಳ್ಳೆಯದು. ಬೇಸರವಾದರೆ ನಾನೂ ಬೀರು ತೆಗೆದು ಅದನ್ನು ನೋಡುವುದುಂಟು. ಮಲೆನಾಡಿನ ಗೋಡೆಗೆ ಮಾತ್ರ ತಗಡೇ ಸರಿ.

ಮೊನ್ನೆ ಅದೇ ಪೇಂಟರ್‌ಗೆ ಇನ್ನೊಂದು ಹೇಳಿ ಬಂದೆ: ‘ಆಪರೇಷನ್ ಡೈಮಂಡ್ ರಾಕೆಟ್’, ಅದೂ ಸಿ.ಐ.ಡಿ. 999 ಸಿನಿಮಾನೇ, 1978ರದ್ದು. ಮುಂಗಡ ಕೊಡುವಾಗಲೇ ಕೇಳಿದೆ, ಆ ನೀಲಿ ಡಬ್ಬಿ ಇನ್ನೂ ಮುಗಿದಿಲ್ವಾ ಅಂತ. ಮುಗಿದಿಲ್ಲವಂತೆ.